ಸೈಕ್ಸ್ ಮನೆತನದ ಜಾಡು ಹಿಡಿದು

ಮಕ್ಕಳೇ, ಬನ್ನಿ, ಸುಮಾರು 700 ವರ್ಷಗಳ ಹಿಂದಿನ ಇಂಗ್ಲೆಂಡಿನ ಒಂದು ಹಳ್ಳಿಗೆ ಹೋಗೋಣ. ಊರ ನಡುವೆ ನಿಂತು "ಜಾನ್!" ಎಂದು ಜೋರಾಗಿ ಕೂಗಿ ನೋಡಿ. ಹೊಲದಿಂದ ಒಬ್ಬ, ಕೊಟ್ಟಿಗೆಯಿಂದ ಒಬ್ಬ, ಗಿರಣಿಯಿಂದ ಇನ್ನೊಬ್ಬ ತಿರುಗಿ ನೋಡುತ್ತಾರೆ. ಆ ಕಾಲದಲ್ಲಿ ಗಂಡುಮಕ್ಕಳಿಗೆ ಜಾನ್, ವಿಲಿಯಂ, ಥಾಮಸ್, ರಿಚರ್ಡ್, ರಾಬರ್ಟ್ ಎಂಬಂಥ ಕೆಲವೇ ಹೆಸರುಗಳನ್ನು ಮತ್ತೆ ಮತ್ತೆ ಇಡುತ್ತಿದ್ದರು. ಊರಿನವರಿಗೆ ಇದರಿಂದ ಅಷ್ಟೇನೂ ತೊಂದರೆಯಿರಲಿಲ್ಲ, ಮುಖ ನೋಡಿದರೆ ಯಾರೆಂದು ತಿಳಿಯುತ್ತಿತ್ತು. ಫಜೀತಿಯಾಗುತ್ತಿದ್ದುದು ಲೆಕ್ಕ ಬರೆಯುವವರಿಗೆ. ತೆರಿಗೆ ಕಟ್ಟಿದ್ದು ಯಾವ ಜಾನ್? ಈ ಹೊಲ ಯಾವ ಜಾನ್‌ನ ಮಗನಿಗೆ ಸೇರಬೇಕು?

ಅದಕ್ಕೆ ಹೆಸರಿನ ಜೊತೆ ಒಂದು ಗುರುತನ್ನೂ ಸೇರಿಸತೊಡಗಿದರು. ಕಮ್ಮಾರಿಕೆ ಮಾಡುವವನು ಸ್ಮಿತ್. ಹಿಟ್ಟಿನ ಗಿರಣಿಯವನು ಮಿಲ್ಲರ್. ಜಾನ್‌ನ ಮಗನಾದರೆ ಜಾನ್ಸನ್. ಗುಡ್ಡದ ಹತ್ತಿರ ಮನೆಯಿದ್ದವನು ಹಿಲ್. ನಮ್ಮ ಉತ್ತರ ಕರ್ನಾಟಕದ ಬಡಿಗೇರ, ಕಂಬಾರ ಎಂಬ ಅಡ್ಡಹೆಸರುಗಳೂ ಹೀಗೆ ಕಸುಬಿನಿಂದಲೇ ಬಂದವು.

ಮೊದಮೊದಲು ಈ ಗುರುತು ಆ ಒಬ್ಬ ಮನುಷ್ಯನಿಗೆ ಮಾತ್ರ. ಅವನು ತೀರಿಕೊಂಡರೆ ಗುರುತೂ ಮುಗಿಯಿತು. ಬರಬರುತ್ತಾ ತಂದೆಯ ಗುರುತು ಮಗನಿಗೆ, ಮಗನದು ಮೊಮ್ಮಗನಿಗೆ ಅಂಟಿಕೊಂಡಿತು. ಮೊಮ್ಮಗ ಸುತ್ತಿಗೆ ಹಿಡಿಯದೆ ಕುರಿ ಕಾಯುತ್ತಿದ್ದರೂ ಅವನು ಸ್ಮಿತ್ತೇ. 1400ರ ಹೊತ್ತಿಗೆ ಇಂಗ್ಲೆಂಡಿನ ಹೆಚ್ಚಿನ ಮನೆಗಳಲ್ಲಿ ಅಡ್ಡಹೆಸರು ಹೀಗೆ ನೆಲೆಯೂರಿತ್ತು.

ಇವತ್ತು ನಾವು ಜಾಡು ಹಿಡಿಯುವ ಹೆಸರು ಸೈಕ್ಸ್. ಇಂಗ್ಲೆಂಡಿನ ಉತ್ತರದಲ್ಲಿ ಯಾರ್ಕ್‌ಷೈರ್ ಎಂಬ ಸೀಮೆಯಿದೆ. ಅದರ ಪಶ್ಚಿಮಕ್ಕೆ ಪೆನೈನ್ಸ್ ಎಂಬ ಬೆಟ್ಟಸಾಲು. ಅಲ್ಲಿ ಮಳೆ ಹೆಚ್ಚು. ಬೆಟ್ಟದ ಮೇಲಿನ ಜೌಗು ನೆಲದಿಂದ ನೀರು ಜಿನುಗಿ, ಸಣ್ಣ ಸಣ್ಣ ಹಳ್ಳಗಳಾಗಿ ಕೆಳಗಿಳಿಯುತ್ತದೆ. ಇಂಥ ಕಿರುಹಳ್ಳವನ್ನು ಆ ಕಡೆಯ ಜನ ಸೈಕ್ ಎನ್ನುತ್ತಿದ್ದರು. ಹಳ್ಳದ ಮಗ್ಗುಲಲ್ಲಿ ಮನೆ ಕಟ್ಟಿಕೊಂಡವನ ಮನೆತನಕ್ಕೆ ಸೈಕ್ಸ್ ಎಂಬ ಹೆಸರು ನಿಂತಿತು. 13ನೆಯ ಶತಮಾನದಿಂದಲೇ ಈ ಹೆಸರು ಅಲ್ಲಿನ ದಾಖಲೆಗಳಲ್ಲಿ ಕಾಣಿಸುತ್ತದೆ.

ಆ ಸೀಮೆಯ ಹಡರ್ಸ್‌ಫೀಲ್ಡ್ ಪಟ್ಟಣದ ಸುತ್ತಮುತ್ತ ಇಂದಿಗೂ ಸೈಕ್ಸ್ ಮನೆತನದವರು ಬಹಳ. ಆ ಕಣಿವೆಗಳಲ್ಲಿ ಜನ ಕುರಿಯ ಉಣ್ಣೆಯಿಂದ ಬಟ್ಟೆ ನೇಯುತ್ತಿದ್ದರು. ಹಳೆಯ ನೇಕಾರರ ಕಲ್ಲಿನ ಮನೆಗಳು ಇನ್ನೂ ಅಲ್ಲಿವೆ. ಅವುಗಳ ಮಹಡಿಯ ಗೋಡೆಯನ್ನು ನೋಡಬೇಕು ನೀವು! ಒಂದರ ಪಕ್ಕ ಒಂದು ಒತ್ತೊತ್ತಾಗಿ ಕಿಟಕಿಗಳ ಸಾಲು. ವಿದ್ಯುತ್ ದೀಪವಿಲ್ಲದ ಕಾಲ ಅದು. ಮಗ್ಗದ ಮೇಲಿನ ಎಳೆ ಕಾಣಬೇಕಾದರೆ ಹಗಲಿನ ಬೆಳಕು ಆದಷ್ಟೂ ಒಳಗೆ ಬರಬೇಕಿತ್ತು. ಉಣ್ಣೆ ತೊಳೆಯಲು, ಗಿರಣಿಯ ಚಕ್ರ ತಿರುಗಿಸಲು ಹಳ್ಳದ ನೀರಿತ್ತು. ಮುಂದೆ ದೊಡ್ಡ ಕಾರ್ಖಾನೆಗಳು ಎದ್ದವು, ಕೆಲಸ ಹುಡುಕಿ ಜನ ಊರೂರು ತಿರುಗಿದರು. ಸೈಕ್ಸ್ ಮನೆತನದವರು ಪಕ್ಕದ ಲ್ಯಾಂಕಷೈರ್, ಚೆಷೈರ್‌ಗೆ ಹೋದರು, ಹಡಗು ಹತ್ತಿ ಅಮೆರಿಕ, ಆಸ್ಟ್ರೇಲಿಯಾಕ್ಕೂ ಹೋದರು.

ಈಗ ನಿಮಗೊಂದು ಪ್ರಶ್ನೆ. ಇಷ್ಟೊಂದು ಸೈಕ್ಸ್‌ಗಳು ಎಲ್ಲರೂ ಒಬ್ಬನೇ ಮುತ್ತಾತನ ಮಕ್ಕಳೋ, ಅಥವಾ ಬೇರೆ ಬೇರೆ ಹಳ್ಳಗಳ ಪಕ್ಕದಲ್ಲಿದ್ದ ಬೇರೆ ಬೇರೆ ಮನೆಗಳವರೋ? ಸ್ವಲ್ಪ ಯೋಚಿಸಿ. ಬೆಟ್ಟದ ತುಂಬಾ ಹಳ್ಳಗಳಿವೆ. ಹಾಗಾದರೆ ಹತ್ತಾರು ಕಡೆ ಹತ್ತಾರು ಮನೆಗಳಿಗೆ ಈ ಹೆಸರು ಬಂದಿರಬೇಕು, ಅಲ್ಲವೇ? ಹಳೆಯ ಕಾಗದಪತ್ರಗಳನ್ನು ಓದಿದವರೂ ಹಾಗೆಯೇ ಅಂದುಕೊಂಡಿದ್ದರು.

ಆಕ್ಸ್‌ಫರ್ಡ್‌ನಲ್ಲಿ ಒಬ್ಬ ವಿಜ್ಞಾನಿ ಇದ್ದರು. ಅವರ ಹೆಸರೇ ಬ್ರಯಾನ್ ಸೈಕ್ಸ್! ಅಪ್ಪ ಅಮ್ಮನಿಂದ ಮಕ್ಕಳಿಗೆ ಬರುವ ಗುಣಗಳನ್ನು ಅಧ್ಯಯನ ಮಾಡುವುದೇ ಅವರ ಕೆಲಸ. ಒಂದು ದೊಡ್ಡ ಔಷಧ ಕಂಪನಿಯ ಅಧ್ಯಕ್ಷರಾಗಿದ್ದವರು ಸರ್ ರಿಚರ್ಡ್ ಸೈಕ್ಸ್. ನೀವಿಬ್ಬರೂ ನೆಂಟರೇ ಎಂದು ಜನ ಕೇಳುತ್ತಿದ್ದರು. ಇಬ್ಬರಿಗೂ ಅಂಥ ನೆಂಟಸ್ತನ ಯಾವುದೂ ಗೊತ್ತಿರಲಿಲ್ಲ. ಕೇಳಿ ಸುಮ್ಮನಾಗುವ ಬದಲು ಬ್ರಯಾನ್ ಸೈಕ್ಸ್ ಇದನ್ನು ಪರೀಕ್ಷಿಸಿಯೇ ನೋಡೋಣ ಎಂದು ಹೊರಟರು.

ಹೇಗೆ ಪರೀಕ್ಷಿಸುವುದು? ನಮ್ಮ ದೇಹ ಕಣ್ಣಿಗೆ ಕಾಣದಷ್ಟು ಸಣ್ಣ ಕೋಶಗಳಿಂದ ಆಗಿದೆ. ಹೆಚ್ಚಿನ ಬಗೆಯ ಕೋಶಗಳ ಒಳಗೆ ದಾರದ ತುಣುಕಿನಂಥ 46 ವರ್ಣತಂತುಗಳಿರುತ್ತವೆ. ಅವುಗಳಲ್ಲಿ ಅರ್ಧ ಅಮ್ಮನಿಂದ ಬಂದವು, ಅರ್ಧ ಅಪ್ಪನಿಂದ ಬಂದವು. ಇವುಗಳಲ್ಲಿ ವೈ ಎಂಬ ಒಂದು ಪುಟ್ಟ ವರ್ಣತಂತು ಗಂಡುಮಕ್ಕಳಲ್ಲಿ ಮಾತ್ರ ಇರುತ್ತದೆ. ಅದು ತಂದೆಯಿಂದ ಮಗನಿಗೆ ಬರುತ್ತದೆ, ಬೇರೆ ದಾರಿಯೇ ಇಲ್ಲ. ಇಂಗ್ಲೆಂಡಿನಲ್ಲಿ ಅಡ್ಡಹೆಸರು ಬರುತ್ತಿದ್ದ ದಾರಿಯೂ ಅದೇ! ಹೆಸರು ಕಾಗದದಲ್ಲಿ ಸಾಗಿ ಬಂತು, ವೈ ಮೈಯೊಳಗೆ ಸಾಗಿ ಬಂತು. ಎರಡನ್ನೂ ಪಕ್ಕಪಕ್ಕ ಇಟ್ಟು ತಾಳೆ ನೋಡಬಹುದು.

ತಾಳೆ ನೋಡುವ ಬಗೆಯನ್ನು ಮನಸ್ಸಿನಲ್ಲಿ ಹೀಗೆ ಚಿತ್ರಿಸಿಕೊಳ್ಳಿ. ನೀವು ಶಾಲೆಗೆ ಹೋಗದ ದಿನ ಗೆಳತಿಯ ನೋಟ್‌ಬುಕ್ ನೋಡಿ ಪಾಠ ಬರೆದುಕೊಳ್ಳುತ್ತೀರಿ. ಪಾಠದಲ್ಲಿ ಗಂಟೆ ಹೊಡೆಯುವ ಒಂದು ಸಾಲಿದೆ: "ಟಣ್ ಟಣ್ ಟಣ್" ಎಂದು 14 ಸಲ. ಬರೆಯುವಾಗ ಗಮನ ತಪ್ಪಿ ನೀವು 15 ಸಲ ಬರೆದುಬಿಟ್ಟಿರಿ. ಇನ್ನು ನಿಮ್ಮ ಪುಸ್ತಕ ನೋಡಿ ಬರೆದವರದರಲ್ಲೂ 15 ಇರುತ್ತದೆ, ಅವರದನ್ನು ನೋಡಿ ಬರೆದವರದರಲ್ಲೂ 15. ವರ್ಷದ ಕೊನೆಗೆ ಟೀಚರ್ ಎಲ್ಲ ಪುಸ್ತಕಗಳನ್ನೂ ತರಿಸಿ "ಟಣ್" ಎಣಿಸಿದರೆ, ಯಾವ ಪುಸ್ತಕ ಯಾವುದರಿಂದ ಬಂತು ಎಂದು ಊಹಿಸಬಹುದು.

ವೈ ವರ್ಣತಂತುವಿನಲ್ಲೂ ಒಂದೇ ಪುಟ್ಟ ಪದ ಮತ್ತೆ ಮತ್ತೆ ಬರುವ ಜಾಗಗಳಿವೆ. ತಂದೆಯಿಂದ ಮಗನಿಗೆ ನಕಲಾಗುವಾಗ ಯಾವಾಗಲೋ ಒಮ್ಮೆ ಎಣಿಕೆಯಲ್ಲಿ ಒಂದು ಹೆಚ್ಚಾಗುತ್ತದೆ, ಇಲ್ಲವೇ ಒಂದು ಕಡಿಮೆಯಾಗುತ್ತದೆ. ಒಂದೇ ಜಾಗದ ಎಣಿಕೆ ಇಬ್ಬರಲ್ಲಿ ಒಂದೇ ಆಗಿದ್ದರೆ ಅದು ಕಾಕತಾಳೀಯ ಇರಬಹುದು. ಅದಕ್ಕೇ ಬ್ರಯಾನ್ ಸೈಕ್ಸ್ ನಾಲ್ಕು ಜಾಗಗಳ ಎಣಿಕೆಯನ್ನು ನೋಡಿದರು.

ಮೊದಲು ತಮ್ಮದನ್ನೂ ಸರ್ ರಿಚರ್ಡ್ ಅವರದನ್ನೂ ಹೋಲಿಸಿದರು. ಹೊಂದಿಕೊಂಡಿತು! ಆದರೆ ಇಬ್ಬರನ್ನು ನೋಡಿ ತೀರ್ಮಾನ ಹೇಳಿದರೆ ಅದು ವಿಜ್ಞಾನವಲ್ಲ. ಯಾರ್ಕ್‌ಷೈರ್, ಲ್ಯಾಂಕಷೈರ್, ಚೆಷೈರ್‌ನ ಸೈಕ್ಸ್ ಮನೆತನದ ಗಂಡಸರಿಗೆ ಕಾಗದ ಬರೆದು, ಕೆನ್ನೆಯ ಒಳಭಾಗದಿಂದ ತೆಗೆದ ಕೋಶಗಳನ್ನು ಕಳಿಸುವಂತೆ ಕೇಳಿಕೊಂಡರು. ಅದೇ ಸೀಮೆಯಲ್ಲಿ ವಾಸವಾಗಿರುವ, ಬೇರೆ ಅಡ್ಡಹೆಸರಿನ ಜನರನ್ನೂ ಪರೀಕ್ಷಿಸಿದರು. ಏಕೆ ಗೊತ್ತೇ? ಆ ಎಣಿಕೆ ಆ ಊರಿನವರಲ್ಲೆಲ್ಲ ಸಾಮಾನ್ಯವಾಗಿದ್ದರೆ, ಸೈಕ್ಸ್‌ಗಳಲ್ಲಿ ಅದು ಸಿಕ್ಕಿತೆಂದು ಹಿಗ್ಗುವಂತಿರಲಿಲ್ಲ.

2000ನೆಯ ಇಸವಿಯಲ್ಲಿ ಫಲಿತಾಂಶ ಪ್ರಕಟವಾಯಿತು. 48 ಸೈಕ್ಸ್‌ಗಳಲ್ಲಿ 21 ಮಂದಿಯ ಎಣಿಕೆ ನಾಲ್ಕೂ ಜಾಗಗಳಲ್ಲಿ ಒಂದೇ. ನೆರೆಹೊರೆಯ ಬೇರೆ ಹೆಸರಿನವರಲ್ಲಿ ಒಬ್ಬರಿಗೂ ಆ ಎಣಿಕೆ ಇರಲಿಲ್ಲ. ಹತ್ತಾರು ಮೂಲಗಳಿರಬೇಕು ಎಂಬ ಊಹೆ ಅಲ್ಲಾಡಿತು. ಸುಮಾರು 700 ವರ್ಷಗಳ ಹಿಂದಿನ ಒಬ್ಬನೇ ಸೈಕ್ಸ್‌ನಿಂದ ಈ ಮನೆತನ ಬೆಳೆದಿದೆ ಎಂದು ಆ ಅಧ್ಯಯನ ಹೇಳಿತು.

ಉಳಿದವರು ಏನಾದರು? ಯೋಚಿಸಿದರೆ ನಿಮಗೇ ಹೊಳೆಯುತ್ತದೆ. ಅಷ್ಟು ಕಾಲದಲ್ಲಿ ಯಾರೋ ಒಂದು ಅನಾಥ ಮಗುವನ್ನು ಸಾಕಿಕೊಂಡು ತಮ್ಮ ಹೆಸರು ಕೊಟ್ಟಿರುತ್ತಾರೆ. ಯಾವನೋ ಅಳಿಯ ಹೆಂಡತಿಯ ಮನೆತನದ ಹೆಸರಿಟ್ಟುಕೊಂಡಿರುತ್ತಾನೆ. ಯಾವುದೋ ಮಗು ತಾಯಿಯ ಹೆಸರನ್ನೇ ಉಳಿಸಿಕೊಂಡಿರುತ್ತದೆ. ಆಗ ಹೆಸರು ಒಂದು ಕಡೆಯಿಂದ ಬರುತ್ತದೆ, ವೈ ಇನ್ನೊಂದು ಕಡೆಯಿಂದ ಬರುತ್ತದೆ. ಅವರೆಲ್ಲರೂ ಅಷ್ಟೇ ನಿಜವಾದ ಸೈಕ್ಸ್‌ಗಳು. ಸಾಕಿದ ಮನೆಯೇ ಅವರ ಮನೆ.

ಬೇರೆ ಹಳ್ಳಗಳ ಪಕ್ಕದಲ್ಲೂ ಸೈಕ್ಸ್‌ಗಳು ಇದ್ದಿರಬಹುದಲ್ಲ ಎಂದು ನೀವು ಕೇಳಬಹುದು. ಇದ್ದರೂ ಇರಬಹುದು. ಆದರೆ ಒಂದು ಮನೆಯಲ್ಲಿ ಹೆಣ್ಣುಮಕ್ಕಳೇ ಹುಟ್ಟಿದರೆ, ಅಥವಾ ಮಕ್ಕಳೇ ಆಗದಿದ್ದರೆ, ಆ ಮನೆಯ ಹೆಸರು ಅಲ್ಲಿಗೇ ನಿಂತುಬಿಡುತ್ತದೆ. ಹೀಗೆ ಹೆಸರುಗಳು ಅಳಿಯುವುದನ್ನು ಫ್ರಾನ್ಸಿಸ್ ಗಾಲ್ಟನ್ ಮತ್ತು ಹೆನ್ರಿ ವಾಟ್ಸನ್ ಎಂಬಿಬ್ಬರು 1874ರಲ್ಲೇ ಗಣಿತ ಹಾಕಿ ನೋಡಿದ್ದರು.

ಎಲ್ಲ ಹೆಸರುಗಳ ಕಥೆಯೂ ಸೈಕ್ಸ್‌ನಂತಲ್ಲ. ಲೆಸ್ಟರ್ ವಿಶ್ವವಿದ್ಯಾಲಯದ ಟ್ಯೂರಿ ಕಿಂಗ್ ಮತ್ತು ಮಾರ್ಕ್ ಜೋಬ್ಲಿಂಗ್ ಅನೇಕ ಅಡ್ಡಹೆಸರುಗಳನ್ನು ಪರೀಕ್ಷಿಸಿದರು. ಆಟೆನ್‌ಬರೋ ಎಂಬ ಅಪರೂಪದ ಹೆಸರಿನ ಹೆಚ್ಚಿನ ಗಂಡಸರ ವೈ ಒಂದೇ ಬಗೆಯದು. ಸ್ಮಿತ್‌ಗಳಲ್ಲಿ ಹಾಗಿಲ್ಲ. ಊರಿಗೊಬ್ಬ ಕಮ್ಮಾರ ಇದ್ದೇ ಇರುತ್ತಿದ್ದ, ಹಾಗಾಗಿ ಆ ಹೆಸರು ನೂರಾರು ಕಡೆ ಹುಟ್ಟಿತು.

ಇದೇ ತಂಡಕ್ಕೆ ಒಮ್ಮೆ ಭಾರಿ ಅಚ್ಚರಿ ಕಾದಿತ್ತು. 2007ರಲ್ಲಿ ಅವರು ಪ್ರಕಟಿಸಿದ ಸಂಗತಿ ಇದು: ಯಾರ್ಕ್‌ಷೈರ್‌ನ ಒಂದು ಅಪರೂಪದ ಅಡ್ಡಹೆಸರಿನ 18 ಗಂಡಸರಲ್ಲಿ 7 ಮಂದಿಯ ವೈ, ಪಶ್ಚಿಮ ಆಫ್ರಿಕಾದಲ್ಲಿ ಮಾತ್ರ ಅಲ್ಲಲ್ಲಿ ಕಾಣುವ ಬಹಳ ಹಳೆಯ ಬಗೆಯದು! ಅವರ ಮನೆಗಳಲ್ಲಿ ಯಾರಿಗೂ ಇದರ ಸುಳಿವಿರಲಿಲ್ಲ. ಎಂದೋ ನೂರಾರು ವರ್ಷಗಳ ಹಿಂದೆ ಆಫ್ರಿಕಾದ ಮೂಲದ ಒಬ್ಬ ಇಂಗ್ಲೆಂಡಿನಲ್ಲಿ ನೆಲೆಸಿದ್ದ, ಅವನ ಮಕ್ಕಳು ಮೊಮ್ಮಕ್ಕಳು ಯಾರ್ಕ್‌ಷೈರ್‌ನವರೇ ಆಗಿಹೋದರು.

"ನಮಗೆ ವೈ ಇಲ್ಲವಲ್ಲ" ಎಂದು ಹುಡುಗಿಯರು ಬೇಸರ ಮಾಡಿಕೊಳ್ಳಬೇಡಿ. ಕೋಶದೊಳಗೆ ಮೈಟೋಕಾಂಡ್ರಿಯ ಎಂಬ ಪುಟ್ಟ ಭಾಗಗಳಿವೆ, ಅವು ನಮ್ಮೆಲ್ಲರಿಗೂ ಬರುವುದು ತಾಯಿಯಿಂದಲೇ. ಅಮ್ಮ, ಅವಳ ಅಮ್ಮ, ಅವಳ ಅಮ್ಮ ಎಂದು ಹಿಂದೆ ಹಿಂದೆ ಹೋಗುವ ಜಾಡು ಅದರಲ್ಲಿದೆ. ಅಡ್ಡಹೆಸರಿನ ಪಟ್ಟಿಯಲ್ಲಿ ಮರೆಯಾಗಿಹೋದ ಅಜ್ಜಿಯರನ್ನು ಅದು ಮರೆತಿಲ್ಲ.

ಈಗ ನಿಮ್ಮ ಸರದಿ. ಇವತ್ತೇ ಅಜ್ಜ ಅಜ್ಜಿಯ ಪಕ್ಕ ಕೂತು ನಿಮ್ಮ ಮನೆಯ ಹೆಸರು ಎಲ್ಲಿಂದ ಬಂತೆಂದು ಕೇಳಿ. ಅವರ ಅಪ್ಪ ಅಮ್ಮ ಯಾರು, ಯಾವ ಊರಿನವರು ಎಂದೂ ಕೇಳಿ. ಹೇಳಿದ್ದನ್ನೆಲ್ಲ ತಾರೀಖು ಹಾಕಿ ಬರೆದಿಡಿ. ಆಮೇಲೆ ಹಳೆಯ ಪಹಣಿಯೋ ಲಗ್ನಪತ್ರಿಕೆಯೋ ಸಿಕ್ಕಿದರೆ ಅದರೊಂದಿಗೆ ತಾಳೆ ನೋಡಿ. ಕೇಳಿದ್ದಕ್ಕೆ ಎರಡನೆಯ ಸಾಕ್ಷಿ ಹುಡುಕುವವರೇ ವಿಜ್ಞಾನಿಗಳು, ನೀವೂ ಹುಡುಕಿ.