ಸರ್ಕಾರಿ ಕಾಲೇಜಿನ ಮಕ್ಕಳಿಗೂ ದಾಸೋಹ ಬೇಕು
(ಸೇಡಂನ ಬಸವ ಜಯಂತಿ ಸಭೆಯಲ್ಲಿ ಮಾಡಿದ ಭಾಷಣ)



ಮೈಸೂರು ವಿಶ್ವವಿದ್ಯಾಲಯ ಹುಟ್ಟಿದ್ದು 1916ರಲ್ಲಿ, ನಮ್ಮ ಗುಲಬರ್ಗಾ ವಿಶ್ವವಿದ್ಯಾಲಯ 1980ರಲ್ಲಿ. ನಡುವೆ 64 ವರ್ಷ. ನಿಜಾಮರ ಕಾಲದಲ್ಲಿ ಪದವಿಗೆಂದು ಹೈದರಾಬಾದಿಗೆ ಹೋದ ನಮ್ಮ ಹಿರಿಯರಿಗೆ ಉಸ್ಮಾನಿಯಾದಲ್ಲಿ ಉರ್ದುವಿನಲ್ಲಿ ಪಾಠ. ಎರಡನ್ನೂ ಒಂದೇ ತಕ್ಕಡಿಗೆ ಹಾಕಿ 'ಮೈಸೂರೇ ಮೇಲು' ಎನ್ನುವುದು ನ್ಯಾಯವಲ್ಲ.

ಹಾಗಂತ ಇಂದಿಗೂ ನಿಜಾಮನನ್ನೇ ಬಯ್ಯುತ್ತ ಕೂಡುವುದೂ ಸರಿಯಲ್ಲ. 371(ಜೆ) ಬಂದಿದೆ. ಈ ಭಾಗದ ಸಂಸ್ಥೆಗಳಲ್ಲಿ ನಮ್ಮ ಮಕ್ಕಳಿಗೆ ನೂರಕ್ಕೆ 70 ಸೀಟು, ರಾಜ್ಯಮಟ್ಟದ ಸಂಸ್ಥೆಗಳಲ್ಲಿ 8. ಸೀಟು ಇದೆ, ಪಾಠ ಹೇಳುವವರು? ಸರ್ಕಾರಿ ಪದವಿ ಕಾಲೇಜುಗಳಲ್ಲಿ ಅತಿಥಿ ಉಪನ್ಯಾಸಕರೇ ನೊಗ ಹೊತ್ತಿದ್ದಾರೆ. ಅವರ ನೇಮಕ ತಡವಾದರೆ ಪಾಠವೂ ತಡ. ಕಾಲೇಜು ಅಳೆಯುವಾಗ ನಾನು ನ್ಯಾಕ್ ದರ್ಜೆ ಕೇಳುವುದಿಲ್ಲ. ಕಾಯಂ ಗುರುಗಳು ಎಷ್ಟು ಮಂದಿ? ಊರಿಗೆ ಕೊನೆಯ ಬಸ್ಸು ಎಷ್ಟಕ್ಕೆ?

ಬಸ್ಸಿನ ಮಾತು ಸಣ್ಣದಲ್ಲ. ವಾಡಿ, ಶಹಾಬಾದ, ಚಿತ್ತಾಪುರದವರಿಗೆ ರೈಲಾದರೂ ಇದೆ. ಚಿಂಚೋಳಿಗೆ ಅದೂ ಇಲ್ಲ. ಅಲ್ಲಿಯ ಹಳ್ಳಿ, ತಾಂಡಾಗಳ ಹುಡುಗಿಗೆ ಕಲಬುರಗಿಯಲ್ಲಿ ಎಂ.ಎಸ್ಸಿ. ಸೀಟು ಸಿಕ್ಕಿ ಹಾಸ್ಟೆಲ್ ಸಿಗಲಿಲ್ಲವೆಂದರೆ, ಮನೆಯಲ್ಲಿ ಮದುವೆ ಮಾತು ಶುರುವಾಗುತ್ತದೆ.

ನಮ್ಮ ಮಠಗಳು ಉಚಿತ ಪ್ರಸಾದ ನಿಲಯ ಕಟ್ಟಿ ಹಳ್ಳಿ ಮಕ್ಕಳನ್ನು ಓದಿಸಿದವು. ಈಗ ನಮ್ಮವರ ಕಣ್ಣೆಲ್ಲ ಖಾಸಗಿ ಎಂಜಿನಿಯರಿಂಗ್ ಕಾಲೇಜಿನ ಮೇಲೆ. ಪೂಜ್ಯರು ಕ್ಷಮಿಸಬೇಕು, ಹೇಳದಿದ್ದರೆ ನನಗೆ ನಿದ್ದೆ ಬಾರದು. ಸರ್ಕಾರಿ ಕಾಲೇಜಿನ ಹೆಣ್ಣುಮಕ್ಕಳಿಗೆ, ಜಾತಿ ಕೇಳದೆ, ಕಲಬುರಗಿಯಲ್ಲೊಂದು, ಸೇಡಂನಲ್ಲೊಂದು ಪ್ರಸಾದ ನಿಲಯ ತೆರೆಯಿರಿ. ರಾಶಿ ಆದಾಗ ಎರಡು ಚೀಲ ತೊಗರಿ ನನ್ನದು. ಮುಂದೆ ಕೂತ ಅಣ್ಣಂದಿರು ಹೇಳಲಿ, ಅವರದೆಷ್ಟು?