ಪೇಟೆ ಧಾರಣೆಯಿಂದ ಎಪಿಐವರೆಗೆ

ಸಂತೇಬೆನ್ನೂರಿನ ಸುತ್ತ ಅಡಿಕೆ ತೋಟ ಇದ್ದವರು ಇಬ್ಬರು ಎದುರಾದರೆ, ಮಳೆ ಮಾತು ಮುಗಿಯುವ ಮೊದಲೇ ‘ರಾಶಿ ಎಷ್ಟಾಯ್ತು?’ ಅಂತ ದರದ ಪ್ರಶ್ನೆ ಬರುತ್ತದೆ. ಖೇಣಿ, ಅಂದರೆ ಫಸಲಿನ ಗುತ್ತಿಗೆ, ಕೊಡುವವರಿಗೂ ಹಿಡಿಯುವವರಿಗೂ ಆ ಉತ್ತರದ ಮೇಲೆಯೇ ವರ್ಷದ ಲೆಕ್ಕ. ಇವತ್ತು ಆ ಪ್ರಶ್ನೆಯನ್ನು ಒಂದು ಕಂಪ್ಯೂಟರ್ ಪ್ರೋಗ್ರಾಂ ಕೂಡ ಕೇಳಬಲ್ಲದು. ಹಾಗೆ ಕೇಳುವುದಕ್ಕೆ ಇಟ್ಟಿರುವ ಬಾಗಿಲಿಗೆ ಎಪಿಐ ಅನ್ನುತ್ತಾರೆ.

ಮೊದಲು ದರ ಹೇಳುವ ಕೆಲಸ ಆಕಾಶವಾಣಿಯದು. ಕೃಷಿ ಕಾರ್ಯಕ್ರಮದಲ್ಲಿ ಪೇಟೆ ಧಾರಣೆ ಓದುತ್ತಿದ್ದರು; ಕೇಳಿದವರು ಕೇಳಿದರು, ಗದ್ದೆಯಲ್ಲಿದ್ದವರಿಗೆ ತಪ್ಪಿತು. ತಿರುಗಿ ಕೇಳುವ ದಾರಿ ಇರಲಿಲ್ಲ.

2000ದಲ್ಲಿ ಎರಡು ಕಡೆ ಎರಡು ಕೆಲಸ ಶುರುವಾದವು. ಕೇಂದ್ರ ಕೃಷಿ ಇಲಾಖೆ ದೇಶದ ಮಾರುಕಟ್ಟೆಗಳ ದರ ಒಟ್ಟುಗೂಡಿಸಲು ಆಗ್‌ಮಾರ್ಕ್‌ನೆಟ್ ಆರಂಭಿಸಿತು. ಅತ್ತ ಅಮೆರಿಕದಲ್ಲಿ ಇಬೇ ಎಂಬ ಹರಾಜು ತಾಣ ನವೆಂಬರ್‌ನಲ್ಲಿ ತನ್ನ ಎಪಿಐ ಹೊರತಂದಿತು. ಅಷ್ಟು ಹೊತ್ತಿಗೆ ಹೊರಗಿನವರು ಅದರ ಪುಟಗಳಿಂದ ಮಾಹಿತಿ ಹೆಕ್ಕುವ ಪ್ರೋಗ್ರಾಂ ಬರೆದುಕೊಂಡಿದ್ದರು. ಪುಟದ ರೂಪ ಸ್ವಲ್ಪ ಬದಲಾದರೂ ಅವು ಕೆಟ್ಟು ನಿಲ್ಲುತ್ತಿದ್ದವು. ಕಿಟಕಿಯಲ್ಲಿ ಇಣುಕುವವರಿಗೆ ಬಾಗಿಲನ್ನೇ ತೆಗೆದಿದ್ದು ಜಾಣತನ. ಅಮೆಜಾನ್ 2002ರಲ್ಲಿ ಅದೇ ದಾರಿ ಹಿಡಿಯಿತು.

ನಮ್ಮಲ್ಲಿ ಆ ಬಾಗಿಲು ಬಂದಿದ್ದು ಸರ್ಕಾರದ ಮುಕ್ತ ದತ್ತಾಂಶ ತಾಣದ ಮೂಲಕ. ಆ ತಾಣ ಶುರುವಾಗಿದ್ದು 2012ರಲ್ಲಿ. ಅಲ್ಲಿ ಹೆಸರು ನೋಂದಾಯಿಸಿದರೆ ಒಂದು ಕೀ ಕೊಡುತ್ತಾರೆ, ಉದ್ದನೆಯ ಅಕ್ಷರಸಾಲು. ಪ್ರೋಗ್ರಾಂ ಆ ಕೀ ತೋರಿಸಿ ರಾಜ್ಯ, ಜಿಲ್ಲೆ, ಮಾರುಕಟ್ಟೆ, ಮಾಲು ಹೇಳಬೇಕು. ಉತ್ತರದಲ್ಲಿ ತಳಿ, ಆವಕದ ತಾರೀಕು, ಕ್ವಿಂಟಲ್ಲಿಗೆ ಕನಿಷ್ಠ, ಗರಿಷ್ಠ, ಮಾದರಿ ಬೆಲೆ ಬರುತ್ತವೆ. ಮಾದರಿ ಬೆಲೆ ಅಂದರೆ ಸರಾಸರಿ ಅಲ್ಲ, ಹೆಚ್ಚು ಮಾಲು ಕೈಬದಲಾದ ಬೆಲೆ. ಎಲ್ಲರೂ ನೋಡಲಿ ಅಂತ ಇಟ್ಟಿರುವ ಮಾದರಿ ಕೀ ಬಳಸಿದರೆ ಹತ್ತೇ ಸಾಲು ಸಿಗುತ್ತದೆ. ಹೊಸಬರು ಇಲ್ಲಿ ‘ಚನ್ನಗಿರಿ ಮಾರುಕಟ್ಟೆ ಇಲ್ಲವೇ ಇಲ್ಲ’ ಅಂತ ಗಾಬರಿಯಾಗುವುದುಂಟು. ಇನ್ನೊಂದು ತೊಡಕು ಹೆಸರಿನದು. ಅಡಿಕೆಯನ್ನು ಅಲ್ಲಿ ‘ಅರೆಕಾನಟ್’ ಅಂತಷ್ಟೇ ಬರೆದಿಲ್ಲ, ಆವರಣದೊಳಗೆ ‘ಬೀಟಲ್‌ನಟ್/ಸುಪಾರಿ’ ಕೂಡ ಇದೆ. ಒಂದು ಚಿಹ್ನೆ ತಪ್ಪಿದರೂ ಉತ್ತರ ಖಾಲಿ ಬರಬಹುದು.

ದರ ಕೇಳುವುದು ಹೀಗಾಯಿತು. ಮಾರುವುದು? ಅದರಲ್ಲಿ ಕರ್ನಾಟಕ ಮುಂದಿತ್ತು. 2014ರಲ್ಲಿ ರಾಜ್ಯ ಸರ್ಕಾರ ಎನ್‌ಸಿಡಿಇಎಕ್ಸ್ ಎಂಬ ಸರಕು ವಿನಿಮಯ ಕೇಂದ್ರದ ಬಳಗದ ಕಂಪನಿಯ ಜೊತೆ ಸೇರಿ ಏಕೀಕೃತ ಮಾರುಕಟ್ಟೆ ವೇದಿಕೆ ತಂದಿತು. ಗೇಟಿನಲ್ಲೇ ಲಾಟ್ ನಂಬರು, ಚೀಟಿ ಪೆಟ್ಟಿಗೆಯ ಬದಲು ಪರದೆಯ ಮೇಲೆ ಟೆಂಡರು, ರೈತನ ಫೋನಿಗೆ ಎಸ್‌ಎಂಎಸ್. ಕೇಂದ್ರದ ಇದೇ ಬಗೆಯ ವೇದಿಕೆ ಇ-ನಾಮ್ ಬಂದಿದ್ದು ಆಮೇಲೆ, 2016ರ ಏಪ್ರಿಲ್ 14ರಂದು. ಎರಡು ವ್ಯವಸ್ಥೆ, ಎರಡರ ಲೆಕ್ಕವೂ ಬೇರೆ. ಅವುಗಳ ಜೋಡಣೆ ಘೋಷಣೆಯಾಗಿದ್ದು ಲಾಕ್‌ಡೌನ್ ನಡುವೆ, 2020ರ ಮೇ 1ರಂದು. ಕರ್ನೂಲು, ಹುಬ್ಬಳ್ಳಿ ಮಾರುಕಟ್ಟೆಗಳಲ್ಲಿ ಶೇಂಗಾ ಮತ್ತು ಮೆಕ್ಕೆಜೋಳದ ವಹಿವಾಟನ್ನು ನೇರವಾಗಿ ತೋರಿಸಿದರು. ಜಗಳೂರು, ಹೊನ್ನಾಳಿ ಕಡೆಯ ಮೆಕ್ಕೆಜೋಳಕ್ಕೆ ಇಂಥ ಮಾರಾಟ ಹೊಂದುತ್ತದೆ: ತೇವಾಂಶ ಅಳೆದು ಅಂಕಿ ಹಾಕಿದರೆ ದೂರದ ವರ್ತಕನಿಗೂ ಅರ್ಥವಾಗುತ್ತದೆ.

ಅಡಿಕೆ ಹಾಗಲ್ಲ. ರಾಶಿ, ಬೆಟ್ಟೆ, ಗೊರಬಲು, ಸರಕು ಅಂತ ಹೆಸರು ಹಾಕಬಹುದು. ಬಣ್ಣ, ಹೊಳಪು, ಒಣಗಿದ ಹದ ನೋಡಲು ವ್ಯಾಪಾರಿ ಅಡಿಕೆಯನ್ನು ಕೈಗೆ ತೆಗೆದುಕೊಳ್ಳಲೇಬೇಕು. ನನ್ನ ಅಭಿಪ್ರಾಯ ಕೇಳಿದರೆ, ನಮ್ಮ ಭಾಗಕ್ಕೆ ಸದ್ಯ ಬೇಕಿರುವುದು ಮಾರುವ ಬಾಗಿಲಿಗಿಂತ ದರ ಕೇಳುವ ಬಾಗಿಲು.

ದಾವಣಗೆರೆಯ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಓದುವ ನಮ್ಮೂರ ಮಕ್ಕಳು ದರ ಕೇಳುವ ಇಂಥ ಪ್ರೋಗ್ರಾಂ ಒಂದನ್ನು ಒಂದು ರಜೆಯಲ್ಲಿ ಬರೆಯಬಲ್ಲರು. ಊರಿನ ಸೊಸೈಟಿಗೆ ಬರೆದುಕೊಡಿ, ಕನ್ನಡದಲ್ಲೇ ತೋರಿಸಿ. ಬೆಲೆಯ ಪಕ್ಕದಲ್ಲಿ ತಾರೀಕನ್ನು ದೊಡ್ಡದಾಗಿ ಹಾಕಿ. ಖೇಣಿ ಮಾತಿಗೆ ಕೂತವರಿಗೆ ಹೋದ ವಾರದ ದರವನ್ನು ಇವತ್ತಿನದು ಅಂತ ಕೊಡಬೇಡಿ.