ಬೋಧಕನಿಗೆ ‘ಸಾಕು’ ಎನ್ನುವವರು ಯಾರು?



1904ರ ಅಕ್ಟೋಬರ್ 31. ವೇಲ್ಸ್ ನಾಡಿನ ಲಖರ್ ಎಂಬ ಊರಿಗೆ 26 ವರ್ಷದ ಯುವಕನೊಬ್ಬ ಮರಳಿ ಬಂದ. ಹೆಸರು ಇವಾನ್ ರಾಬರ್ಟ್ಸ್. ಎಳೆಯ ವಯಸ್ಸಿನಲ್ಲೇ ಕಲ್ಲಿದ್ದಲು ಗಣಿಗೆ ಇಳಿದವನು, ಆಮೇಲೆ ಕಮ್ಮಾರಿಕೆ ಕಲಿತವನು. ಬೋಧಕನಾಗಬೇಕೆಂದು ನ್ಯೂಕ್ಯಾಸಲ್ ಎಮ್ಲಿನ್‌ನ ಶಾಲೆಗೆ ಸೇರಿ ಆಗಿನ್ನೂ ಎರಡು ತಿಂಗಳು ತುಂಬಿರಲಿಲ್ಲ. ಅಂದು ರಾತ್ರಿ ಊರಿನ ಮೊರಾಯ ಪ್ರಾರ್ಥನಾ ಮಂದಿರದಲ್ಲಿ ಆತನ ಮಾತು ಕೇಳಲು ಉಳಿದವರು ಬೆರಳೆಣಿಕೆಯಷ್ಟು ಮಂದಿ. ಎರಡೇ ವಾರದಲ್ಲಿ ಆತನ ಹೆಸರು ಪತ್ರಿಕೆಗಳ ತುಂಬ ಹರಡಿತು. ಒಂದೂವರೆ ವರ್ಷದೊಳಗೆ ಆತ ಸಂಪೂರ್ಣ ಕುಸಿದುಬಿದ್ದ.

ಈ ಏಳುಬೀಳಿನ ನಡುವೆ ಏನಾಯಿತು? ಯಾರು ತಡೆಯಬಹುದಿತ್ತು?

ಹೊಳೆ ಉಕ್ಕಿದಾಗ

ತಣ್ಣಗಾದ ಭಕ್ತಿ ಒಮ್ಮೆಲೆ ಊರೂರಲ್ಲಿ ಉಕ್ಕಿ ಹರಿಯುವುದನ್ನು ಕ್ರೈಸ್ತ ಇತಿಹಾಸದಲ್ಲಿ ‘ಪುನರುಜ್ಜೀವನ’ ಎನ್ನುತ್ತಾರೆ. ವೇಲ್ಸ್‌ನಲ್ಲಿ 1904-05ರಲ್ಲಿ ಆದದ್ದು ಅದೇ. ಸುಮಾರು ಒಂದು ಲಕ್ಷ ಜನ ಹೊಸದಾಗಿ ಭಕ್ತಿಮಾರ್ಗ ಹಿಡಿದರೆಂಬುದು ಅಂದಿನ ಅಂದಾಜು. ಕಾರ್ಮಿಕರು ಬೈಗುಳ ಬಿಟ್ಟದ್ದರಿಂದ ಗಣಿಯ ಕುದುರೆಗಳಿಗೆ ಅವರ ಆಜ್ಞೆಯೇ ಅರ್ಥವಾಗದೆ ಹೋಯಿತೆಂಬ ಕಥೆ ಇಂದಿಗೂ ಪ್ರಚಲಿತ. ಈ ಜಾಗೃತಿಗೆ ರಾಬರ್ಟ್ಸ್ ಒಬ್ಬನೇ ಕಾರಣನಲ್ಲ. ಆತನಿಗಿಂತ ಮೊದಲೇ ಬೇರೆ ಬೋಧಕರು ನೆಲ ಹದ ಮಾಡಿದ್ದರು. ಆದರೆ ‘ವೆಸ್ಟರ್ನ್ ಮೇಲ್’ ಪತ್ರಿಕೆಯ ದಿನದಿನದ ವರದಿಗಳು ಆತನನ್ನೇ ನಾಯಕನ ಪಟ್ಟಕ್ಕೇರಿಸಿದವು. ಆತ ಬರುತ್ತಾನೆಂದರೆ ಮಂದಿರದಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ಸಭೆಗಳು ನಡುರಾತ್ರಿ ದಾಟಿ ನಡೆಯುತ್ತಿದ್ದವು. ಊಟ, ನಿದ್ರೆಗಳಿಗೆ ವೇಳೆಯಿರಲಿಲ್ಲ.

ಒಂದು ಮಾತು ಸ್ಪಷ್ಟವಾಗಬೇಕು. ಇದು ಹಣದ ಹಗರಣದ ಕಥೆಯಲ್ಲ. ರಾಬರ್ಟ್ಸ್ ದುಡ್ಡಿಗೆ ಆಸೆಪಟ್ಟವನಲ್ಲ. ಹೊಣೆಗಾರಿಕೆ ಎಂದರೆ ಜಮಾಖರ್ಚು ಒಪ್ಪಿಸುವುದಷ್ಟೇ ಎಂದುಕೊಂಡವರಿಗೆ ಆತನ ಬದುಕು ಬೇರೆಯದೇ ಪಾಠ ಹೇಳುತ್ತದೆ.

ಪ್ರಶ್ನಿಸಿದವರು, ಪ್ರಶ್ನಿಸದವರು

ಆತನಿಗೆ ಕಾರ್ಯಕ್ರಮ ಗೊತ್ತುಮಾಡುವ ಸಮಿತಿ ಇರಲಿಲ್ಲ. ಎಲ್ಲಿಗೆ ಹೋಗಬೇಕು, ಯಾವಾಗ ಮಾತನಾಡಬೇಕು ಎಂಬುದೆಲ್ಲ ಪವಿತ್ರಾತ್ಮದ ಪ್ರೇರಣೆ ಎಂದು ಆತ ನಂಬಿದ್ದ. ದೇವರೇ ನಡೆಸುತ್ತಿದ್ದಾನೆ ಎನ್ನುವವನಿಗೆ ‘ನಾಳೆ ವಿಶ್ರಾಂತಿ ತೆಗೆದುಕೋ’ ಎಂದು ಹೇಳುವವರು ಯಾರು? ಹೇಳಿದವನೇ ನಂಬಿಕೆಯಿಲ್ಲದವನಾಗುವ ಭಯ.

1905ರ ಜನವರಿ ಕೊನೆಯಲ್ಲಿ ಡೌಲೈಸ್‌ನ ಬೋಧಕ ಪೀಟರ್ ಪ್ರೈಸ್ ಪತ್ರಿಕೆಗೆ ಖಾರವಾದ ಪತ್ರ ಬರೆದರು. ನಾಡಿನಲ್ಲಿ ಎರಡು ಜಾಗೃತಿಗಳಿವೆ, ಒಂದು ನಿಜವಾದದ್ದು, ರಾಬರ್ಟ್ಸ್‌ನದು ಹುಸಿ ಎಂಬುದು ಅವರ ವಾದ. ಪರ-ವಿರೋಧದ ಪತ್ರಗಳ ಮಳೆಯೇ ಸುರಿಯಿತು. ಫೆಬ್ರವರಿ ಕೊನೆಯಲ್ಲಿ ರಾಬರ್ಟ್ಸ್ ನೀತ್ ಪಟ್ಟಣದಲ್ಲಿ ಏಳು ದಿನ ಮೌನ ಹಿಡಿದು ಕುಳಿತ. ಅನಂತರ ಲಿವರ್‌ಪೂಲ್‌ಗೆ ಹೋದ. ಅಲ್ಲಿನ ಸಭೆಗಳಲ್ಲಿ ದೀರ್ಘ ಮೌನ, ‘ಇಲ್ಲಿ ಅಡ್ಡಿಯಾಗಿರುವವರಿದ್ದಾರೆ’ ಎಂಬ ಆರೋಪ ಜನರನ್ನು ಕಂಗೆಡಿಸಿದವು. ನಾಲ್ವರು ವೈದ್ಯರು ಆತನನ್ನು ಪರೀಕ್ಷಿಸಿದರು. ದೇಹ, ಮನಸ್ಸು ಸ್ವಸ್ಥವಾಗಿವೆ, ಅತಿಯಾದ ದುಡಿಮೆಯಿಂದ ಬಳಲಿದ್ದಾನೆ, ವಿಶ್ರಾಂತಿ ಬೇಕು ಎಂಬುದು ಅವರ ಅಭಿಪ್ರಾಯ.

ವಿಶ್ರಾಂತಿ ಸಿಕ್ಕಿದ್ದು ಕೆಲವೇ ವಾರ. ಮತ್ತೆ ಸಭೆ, ಮತ್ತೆ ಪ್ರಯಾಣ. 1906ರಲ್ಲಿ ಆತ ಪೂರ್ಣ ಕುಸಿದ. ಲೆಸ್ಟರ್‌ನಲ್ಲಿದ್ದ ಜೆಸ್ಸಿ ಪೆನ್-ಲೂಯಿಸ್ ದಂಪತಿಗಳ ಮನೆ ಆಸರೆಯಾಯಿತು. ಚೇತರಿಕೆಗೆ ವರ್ಷಗಳೇ ಹಿಡಿದವು. ಹಳೆಯ ಬಗೆಯ ಸಭೆಗಳಿಗೆ ಆತ ಮರಳಲಿಲ್ಲ. 1951ರ ಜನವರಿ 29ರಂದು ಕಾರ್ಡಿಫ್‌ನಲ್ಲಿ ತೀರಿಕೊಂಡಾಗ ವಯಸ್ಸು 72. ಆತನ ಹೆಸರು ನಾಡಿನ ಬಾಯಲ್ಲಿದ್ದದ್ದು ಎರಡು ವರ್ಷವೂ ಇಲ್ಲ; ಮರೆಯಲ್ಲಿ ಕಳೆದದ್ದು ನಲವತ್ತಕ್ಕೂ ಹೆಚ್ಚು ವರ್ಷ.

ಕಟ್ಟೆ ಕಟ್ಟಿದವರು

ಹಾಗಾದರೆ ಇದು ಇಂಥ ಚಳವಳಿಗಳ ಹಣೆಬರಹವೇ? ಅಲ್ಲ. ಹದಿನೆಂಟನೆಯ ಶತಮಾನದ ಜಾನ್ ವೆಸ್ಲಿ 87 ವರ್ಷ ಬದುಕಿದರು, ಕೊನೆಯವರೆಗೂ ಬೋಧಿಸಿದರು. ಅವರು 1742ರಲ್ಲಿ ಬ್ರಿಸ್ಟಲ್‌ನಲ್ಲಿ ಭಕ್ತರನ್ನು ಹನ್ನೆರಡರಷ್ಟು ಜನರ ಸಣ್ಣ ಗುಂಪುಗಳಾಗಿ ವಿಂಗಡಿಸಿದರು. ಗುಂಪಿಗೊಬ್ಬ ಮುಖ್ಯಸ್ಥ, ವಾರಕ್ಕೊಮ್ಮೆ ಒಬ್ಬರನ್ನೊಬ್ಬರು ವಿಚಾರಿಸಿಕೊಳ್ಳುವ ಪದ್ಧತಿ. 1744ರಿಂದ ಬೋಧಕರ ವಾರ್ಷಿಕ ಸಮ್ಮೇಳನ ನಡೆಯಿತು. 1784ರಲ್ಲಿ ನೂರು ಬೋಧಕರನ್ನು ಹೆಸರಿಸಿ, ತಮ್ಮ ನಂತರದ ಅಧಿಕಾರವನ್ನು ಅವರಿಗೆ ಕಾನೂನುಬದ್ಧವಾಗಿ ಬರೆದುಕೊಟ್ಟರು. ಬದುಕಿರುವವರೆಗೂ ವೆಸ್ಲಿ ಹಿಡಿತ ಸಡಿಲಿಸಿದವರಲ್ಲ ಎಂಬುದು ನಿಜ. ಆದರೂ ಭಾರ ಹಲವು ಹೆಗಲುಗಳ ಮೇಲಿತ್ತು.

1948ರಲ್ಲಿ ಅಮೆರಿಕದ ಬಿಲ್ಲಿ ಗ್ರಹಾಂ ಕ್ಯಾಲಿಫೋರ್ನಿಯಾದ ಮೊಡೆಸ್ಟೊ ಪಟ್ಟಣದಲ್ಲಿ ಮೂವರು ಸಹೋದ್ಯೋಗಿಗಳಿಗೆ ಒಂದು ಕೆಲಸ ಹೇಳಿದರು: ಬೋಧಕರು ಎಲ್ಲೆಲ್ಲಿ ಎಡವುತ್ತಾರೆ ಎಂದು ಪಟ್ಟಿ ಮಾಡಿ. ಪಟ್ಟಿಗಳು ಹೆಚ್ಚುಕಡಿಮೆ ಒಂದೇ ಆಗಿದ್ದವು. ಹಣ, ಪರಸ್ತ್ರೀ ಸಂಗ, ಸ್ಥಳೀಯ ಚರ್ಚುಗಳ ನಿಂದೆ, ಜನಸಂಖ್ಯೆಯ ಉತ್ಪ್ರೇಕ್ಷೆ — ಈ ನಾಲ್ಕರಿಂದ ದೂರವಿರಲು ಒಪ್ಪಂದವಾಯಿತು. ಆದರೂ 1950ರಲ್ಲಿ ಅಟ್ಲಾಂಟಾದ ಪತ್ರಿಕೆಯೊಂದು ನಗುವ ಗ್ರಹಾಂ ಪಕ್ಕದಲ್ಲೇ ಕಾಣಿಕೆಯ ಚೀಲಗಳ ಚಿತ್ರ ಪ್ರಕಟಿಸಿತು. ಅದರ ಪೆಟ್ಟು ತಗುಲಿತು. ಅನಂತರ ಅವರು ಕಾಣಿಕೆ ಬಿಟ್ಟು ಸಂಸ್ಥೆಯಿಂದ ನಿಗದಿತ ಸಂಬಳ ಪಡೆಯತೊಡಗಿದರು.

ಭಾರತದ ದಡಕ್ಕೆ

ವೇಲ್ಸ್‌ನ ಅಲೆ ಇಲ್ಲಿಗೂ ಬಂತು. ವೇಲ್ಸ್ ಮಿಷನರಿಗಳು 1841ರಿಂದ ಕೆಲಸ ಮಾಡುತ್ತಿದ್ದ ಖಾಸಿ ಬೆಟ್ಟಗಳಲ್ಲಿ 1905ರಲ್ಲಿ ಜಾಗೃತಿಯಾಯಿತು. ಅದೇ ವರ್ಷ ಪುಣೆ ಬಳಿಯ ಕೇಡಗಾಂವ್‌ನಲ್ಲಿ ಪಂಡಿತಾ ರಮಾಬಾಯಿಯವರ ಮುಕ್ತಿ ಸದನದಲ್ಲೂ ಆಯಿತು. ರಮಾಬಾಯಿ ಹುಟ್ಟಿದ್ದು 1858ರಲ್ಲಿ, ನಮ್ಮ ಪಶ್ಚಿಮಘಟ್ಟದ ಗಂಗಾಮೂಲದಲ್ಲಿ. ಮುಕ್ತಿಯಲ್ಲಿ ಪ್ರಾರ್ಥನೆಯ ಜೊತೆಗೆ ಶಾಲೆ, ಅಡುಗೆಮನೆ, ನೇಯ್ಗೆ, ಮುದ್ರಣಗಳಿದ್ದವು. ಬರಗಾಲದಿಂದ ಪಾರಾಗಿ ಬಂದ ಹೆಣ್ಣುಮಕ್ಕಳು ಹೊಟ್ಟೆ ತುಂಬ ಉಣ್ಣಬೇಕಿತ್ತು. ಜಾಗೃತಿಯ ಸಂಭ್ರಮ ಇಳಿದ ಮೇಲೂ ಮರುದಿನದ ದುಡಿಮೆ ಕಾದಿರುತ್ತಿತ್ತು. ರಮಾಬಾಯಿ 1922ರಲ್ಲಿ ತೀರಿಕೊಂಡರೂ ಸದನ ಮುಂದುವರಿಯಿತು.

ಲಖರ್‌ನ ಯುವಕನಿಗೆ ಭಕ್ತಿ ಕಡಿಮೆಯಿರಲಿಲ್ಲ, ಪ್ರಾಮಾಣಿಕತೆ ಕಡಿಮೆಯಿರಲಿಲ್ಲ. ಆತನ ಮಾತಿಗೆ ಸಾವಿರಾರು ಜನ ಅತ್ತರು, ಹಾಡಿದರು. ಆದರೆ ವೈದ್ಯರ ಸಲಹೆಯನ್ನು ಕಟ್ಟುನಿಟ್ಟಾಗಿ ನಡೆಸಬಲ್ಲ ಒಂದು ಮಂಡಳಿ, ಆತನ ಬದಲು ಸಭೆ ನಡೆಸಬಲ್ಲ ಇನ್ನೊಬ್ಬ, ‘ಮನೆಗೆ ಹೋಗಿ ಮಲಗಪ್ಪ’ ಎನ್ನುವ ಒಬ್ಬ ಹಿರಿಯ ಸಿಗಲಿಲ್ಲ. ನಾಯಕನ ಮೇಲೆ ಕಣ್ಣಿಡುವುದು ಅವಿಶ್ವಾಸವಲ್ಲ, ಆತನನ್ನು ಉಳಿಸಿಕೊಳ್ಳುವ ದಾರಿ. ಈ ಮಾತು ಚರ್ಚಿಗೆ ಎಷ್ಟು ಸಲ್ಲುತ್ತದೋ, ಮಠಕ್ಕೂ ಚಳವಳಿಗೂ ಪಕ್ಷಕ್ಕೂ ಅಷ್ಟೇ ಸಲ್ಲುತ್ತದೆ.